ಬುಲೆಟ್‌ಗೆ ಹಳೆಯ ರೂಪ ಕೊಡಿ, ಆದರೆ ಗರಗಸ ಮುಟ್ಟಬೇಡಿ

ಕಳೆದ ಬೇಸಿಗೆಯಲ್ಲಿ ಬಳ್ಳಾರಿಯ ಒಂದು ಗ್ಯಾರೇಜಿನಲ್ಲಿ 1996ರ ಬುಲೆಟ್ ನಿಂತಿತ್ತು. ಸೀಟಿನ ಕೆಳಗಿನ ಚಾಸಿ ಪೈಪನ್ನು ಕೊಯ್ದು, ಸ್ಪ್ರಿಂಗ್ ಸೀಟು ಕೂರಿಸಲು ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿದ್ದರು. ಟ್ಯಾಂಕಿನ ಎರಡೂ ಕಡೆ ಹಳೇ ಕಾಲದ ಲೋಹದ ಲಾಂಛನ ಕೂರಿಸಲು ಡ್ರಿಲ್ ಹಾಕಿದ್ದರು. ಆ ತೂತುಗಳಿಂದ ಪೆಟ್ರೋಲ್ ಜಿನುಗುತ್ತಿತ್ತು. ಅದಕ್ಕೆ ಮೇಲಿಂದ ಅಂಟು ಮೆತ್ತಿದ್ದರು. ಗಾಡಿಯ ಹುಡುಗ ಪಕ್ಕದಲ್ಲೇ ನಿಂತು ಕೇಳಿದ, ‘ವಾಪಸ್ ಮೊದಲಿನಂಗ ಮಾಡಾಕ ಆಗಂಗಿಲ್ಲೇನಣ್ಣ?’

ಆಗುವುದಿಲ್ಲ. ಕೊಯ್ದ ಚಾಸಿಗೆ ಎಷ್ಟೇ ಚೆನ್ನಾಗಿ ಬೆಸುಗೆ ಹಾಕಿದರೂ ಅದು ಕೊಯ್ದ ಚಾಸಿಯೇ.

ತೊಂಬತ್ತರ ದಶಕದ ಬುಲೆಟ್ಟನ್ನು ಐವತ್ತರ ದಶಕದ ಬುಲೆಟ್ಟಿನ ಹಾಗೆ ಕಾಣಿಸಬೇಕು ಅನ್ನುವ ಆಸೆ ತಪ್ಪಲ್ಲ. ಕೊಪ್ಪಳದಲ್ಲಿರುವ ನನ್ನ ಗಾಡಿಯೂ ಈಗ ಹಾಗೇ ಇದೆ. ಆದರೆ ಒಂದು ನಿಯಮ ಇಟ್ಟುಕೊಳ್ಳಿ. ಮೂಲ ಭಾಗ ಯಾವುದನ್ನೂ ಕೊಯ್ಯುವ ಹಾಗಿಲ್ಲ, ತೂತು ಹಾಕುವ ಹಾಗಿಲ್ಲ, ಬೆಸೆಯುವ ಹಾಗಿಲ್ಲ. ಮಾಡಿದ್ದೆಲ್ಲ ಒಂದು ಪಾನಾ ಸೆಟ್ಟಿನಿಂದ, ಒಂದು ಸಂಜೆಯಲ್ಲಿ ವಾಪಸ್ ಬಿಚ್ಚಿ ಬರಬೇಕು.

ಇದಕ್ಕೆ ಬುಲೆಟ್ಟಿನಷ್ಟು ಒಗ್ಗುವ ಗಾಡಿ ಇನ್ನೊಂದಿಲ್ಲ. 1955ರಲ್ಲಿ ಮದ್ರಾಸ್ ಮೋಟಾರ್ಸ್‌ನವರು ಇಂಗ್ಲೆಂಡಿನ ರೆಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿಯ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಶುರುಮಾಡಿದರು. ಮೊದಮೊದಲು ಅಲ್ಲಿಂದ ಬಂದ ಬಿಡಿಭಾಗಗಳನ್ನು ಇಲ್ಲಿ ಜೋಡಿಸುತ್ತಿದ್ದರು. ರೆಡಿಚ್ ಕಾರ್ಖಾನೆ ಮುಚ್ಚಿಹೋದ ಮೇಲೂ ಮದ್ರಾಸಿನಲ್ಲಿ ಬುಲೆಟ್ ಬರುತ್ತಲೇ ಇತ್ತು, ಮೂಲ ರಚನೆ ಹೆಚ್ಚು ಬದಲಾಗಲಿಲ್ಲ. 350ರ ಎಂಜಿನ್ 346 ಸಿಸಿ, ಬೋರ್ (ಸಿಲಿಂಡರಿನ ಒಳ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90 ಮಿ.ಮೀ. ಅಂದೂ ಅದೇ, ತೊಂಬತ್ತರ ದಶಕದಲ್ಲೂ ಅದೇ. ಹೆಡ್‌ಲೈಟು, ಮೀಟರು, ಎರಡು ಪುಟ್ಟ ದೀಪಗಳನ್ನು ಒಟ್ಟಿಗೆ ಹಿಡಿದುಕೊಂಡಿರುವ ಆ ಮುಂದಿನ ತಲೆ ಇದೆಯಲ್ಲ, ಅದು 1954ರಿಂದ ಬಂದದ್ದು. ಅದನ್ನು ಮುಟ್ಟುವ ಕೆಲಸವೇ ಇಲ್ಲ. ಕಣ್ಣಿಗೆ ಹಳೆಯದು ಅನ್ನಿಸಲು ನಾಲ್ಕೇ ಜಾಗ ಬದಲಾಗಬೇಕು: ಟ್ಯಾಂಕು, ಸೀಟು, ಹಿಂದಿನ ದೀಪ, ಸೈಲೆನ್ಸರು.

ಮೊದಲು ಆರ್‌ಸಿ ತೆಗೆದು ನೋಡಿ

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಮೂಲ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಬಣ್ಣ ಬದಲಿಸಿದರೆ ಆರ್‌ಟಿಓದಲ್ಲಿ ನಮೂದಿಸಬೇಕು. ಆರ್‌ಸಿಯಲ್ಲಿ ಕಪ್ಪು ಅಂತಿದ್ದರೆ ಕಪ್ಪೇ ಇರಲಿ. ಕಪ್ಪು ಟ್ಯಾಂಕಿನ ಮೇಲೆ ಬಂಗಾರದ ಗೆರೆ, ಅದಕ್ಕಿಂತ ಚೆಂದ ಯಾವುದಿದೆ? ಮಿಲಿಟರಿ ಹಸಿರು ಮಾತ್ರ ಬೇಡವೇ ಬೇಡ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆ ಆಲಿವ್ ಹಸಿರು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ನಮ್ಮ ಕಡೆ ಹತ್ತರಲ್ಲಿ ಒಬ್ಬರಾದರೂ ಇದನ್ನೇ ಬಳಿಸಿಕೊಂಡು ಬರುತ್ತಾರೆ, ಆಮೇಲೆ ಚೆಕಿಂಗ್‌ನಲ್ಲಿ ಸಿಕ್ಕಿಬೀಳುತ್ತಾರೆ.

ಇನ್ನೊಂದು ಮಾತು. ಹಳೆಯ ರೂಪ ಕೊಟ್ಟ ಮಾತ್ರಕ್ಕೆ ಗಾಡಿ ವಿಂಟೇಜ್ ಆಗುವುದಿಲ್ಲ. 2021ರ ನಿಯಮದಲ್ಲಿ ವಿಂಟೇಜ್ ನೋಂದಣಿಗೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಮುಂದೆ ಮಾರುವಾಗ ‘55ರ ಗಾಡಿ’ ಅಂತ ಹೇಳಿ ಮಾರಿದರೆ ಅದು ಮೋಸ.

ಬಿಚ್ಚುವ ದಿನ

ಪ್ರತಿ ವೈರು, ಪ್ರತಿ ವಾಷರಿನ ಫೋಟೋ ತೆಗೆಯಿರಿ. ವೈರಿಗೆ ಟೇಪು ಸುತ್ತಿ ಹೆಸರು ಬರೆಯಿರಿ. ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ. ಅಷ್ಟೇ.

ಟ್ಯಾಂಕು: ಎಲ್ಲರೂ ಎಡವುವುದು ಇಲ್ಲೇ

ನಿಮ್ಮ ಟ್ಯಾಂಕನ್ನು ಬಿಚ್ಚಿ ಎತ್ತಿಡಿ, ಅದಕ್ಕೆ ಬಣ್ಣ ಹೊಡೆಯಬೇಡಿ. ಗುಜರಿಯಲ್ಲೋ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಇನ್ನೊಂದು ಟ್ಯಾಂಕು ಹುಡುಕಿ. ಹೋಗುವಾಗ ನಿಮ್ಮ ಪೆಟ್ರೋಲ್ ಕಾಕ್, ಮುಚ್ಚಳ ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ, ಅಲ್ಲೇ ತಿರುಗಿಸಿ ನೋಡಿ. ಜೊತೆಗೆ ತೆಳು ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಇರಲಿ. ಟ್ಯಾಂಕಿನ ಮೇಲೆ ಅದನ್ನು ನಿಧಾನಕ್ಕೆ ಆಡಿಸಿ. ಎಲ್ಲಿ ಅದು ಹಿಡಿತ ಬಿಡುತ್ತದೋ ಅಲ್ಲಿ ಕೆಳಗೆ ದಪ್ಪ ಪುಟ್ಟಿ ಇದೆ ಅಂತ ಅರ್ಥ. ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ.

ಸೋರುತ್ತದೋ ಇಲ್ಲವೋ ನೋಡಲು ತೂತುಗಳನ್ನು ಬಿಗಿಯಾಗಿ ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಪೈಪಿನಿಂದ ಬಾಯಲ್ಲೇ ಊದಿ. ಗುಳ್ಳೆ ಬಂದ ಕಡೆ ಗುರುತು ಹಾಕಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಬೇಡಿ. ಸ್ವಲ್ಪ ಒತ್ತಡ ಜಾಸ್ತಿಯಾದರೂ ಟ್ಯಾಂಕು ಪುಗ್ಗೆಯ ಹಾಗೆ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ.

ಬೆಸುಗೆ ಬೇಕಾದರೆ ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯ. ಒಳಗೆ ಪೆಟ್ರೋಲಿನ ಆವಿ ನಿಂತಿರುತ್ತದೆ, ಬೆಂಕಿ ತಾಗಿದರೆ ಸಿಡಿಯುತ್ತದೆ. ‘ವರ್ಷದಿಂದ ಖಾಲಿ ಐತ್ರಿ’ ಅಂದರೂ ನಂಬಬೇಡಿ. ಸೋಪಿನ ಬಿಸಿನೀರಿನಲ್ಲಿ ಹಲವು ಸಲ ತೊಳೆದು, ಬೆಸೆಯುವ ಜಾಗದ ತುಸು ಕೆಳಗಿನವರೆಗೂ ನೀರು ತುಂಬಿಸಿ ಕೆಲಸ ಮಾಡುವವರ ಹತ್ತಿರವೇ ಕೊಡಿ. ಟ್ಯಾಂಕು, ರೇಡಿಯೇಟರ್ ಕೆಲಸದಲ್ಲೇ ಪಳಗಿದವರಿಗೆ ಇದು ಗೊತ್ತಿರುತ್ತದೆ. ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಒಳಗಿನ ತುಕ್ಕಿಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಲೀಟರ್ ಬಿಸಿನೀರಿಗೆ 50 ಗ್ರಾಂ ಹಾಕಿ, ಟ್ಯಾಂಕು ತುಂಬಿಸಿ ಒಂದು ರಾತ್ರಿ ಬಿಡಿ. ಮರುದಿನ ಚೆಲ್ಲಿ, ಅಡುಗೆ ಸೋಡಾದ ನೀರಲ್ಲಿ ಒಮ್ಮೆ ಕಲಕಿ, ಶುದ್ಧ ನೀರಲ್ಲಿ ತೊಳೆದು, ನಮ್ಮ ಬಿಸಿಲಿಗೆ ಇಡಿ. ಒಣಗಿದ ತಕ್ಷಣ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಒಳಗೆಲ್ಲ ಹರಿಯುವ ಹಾಗೆ ಆಡಿಸಿ. ಇಲ್ಲದಿದ್ದರೆ ಸಂಜೆಯೊಳಗೆ ಮತ್ತೆ ಕೆಂಪು ಹಿಡಿಯುತ್ತದೆ. ಪಾಯಿಖಾನೆ ತೊಳೆಯುವ ಆಸಿಡ್ ಹಾಕುವವರಿದ್ದಾರೆ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ. ಒಳಗೆ ಬಳಿಯುವ ಸೀಲರ್ ಅಂತಲೂ ಮಾರುತ್ತಾರೆ, ನಾನು ಬಳಸುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಕಳಪೆ ಸೀಲರ್ ಅದಕ್ಕೆ ಮೆತ್ತಗಾಗಿ ಹಪ್ಪಳದ ಹಾಗೆ ಎದ್ದು ಬಂದು ಕಾರ್ಬುರೇಟರಿನ ಜೆಟ್ಟಿಗೆ ಸಿಕ್ಕಿಕೊಳ್ಳುತ್ತದೆ.

ಈಗ ಬಣ್ಣ. ಇಲ್ಲಿ ನಮ್ಮ ಊರುಗಳ ಧೂಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲೇಬೇಕು. ಸಂಡೂರು, ಬಳ್ಳಾರಿ ಕಡೆ ಅದಿರಿನ ಕೆಂಪು ಧೂಳು, ರಾಯಚೂರಿನ ಶಕ್ತಿನಗರದ ಕಡೆ ಬೂದಿ. ಕಪ್ಪು ಬಣ್ಣದ ಮೇಲೆ ಒಂದು ಕಣ ಕೂತರೂ ಕಾಣುತ್ತದೆ. ಮೇ ತಿಂಗಳ ಮಧ್ಯಾಹ್ನ ಹೊಡೆದರೆ ಗನ್ನಿನಿಂದ ಹೊರಟ ಬಣ್ಣ ಟ್ಯಾಂಕಿಗೆ ತಲುಪುವಷ್ಟರಲ್ಲೇ ಅರ್ಧ ಒಣಗಿ, ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಆಗುತ್ತದೆ. ಮಳೆಗಾಲದಲ್ಲಿ ಹೊಡೆದರೆ ಥಿನ್ನರ್ ಆರುವಾಗ ತೇವ ಎಳೆದುಕೊಂಡು ಬಿಳಿಬಿಳಿ ಮಂಜು ಕಟ್ಟುತ್ತದೆ. ದೀಪಾವಳಿ ಕಳೆದ ಮೇಲೆ, ಬೆಳಗ್ಗೆ ಎಂಟರಿಂದ ಹತ್ತರೊಳಗೆ, ನೆಲಕ್ಕೆ ನೀರು ಚಿಮುಕಿಸಿ ಹೊಡೆಸಿ. ಪೇಂಟರ್ ‘ಈಗ ಕೊಡ್ರಿ, ನಾಳೆ ಒಯ್ಯಿರಿ’ ಅಂದರೆ ಬೇರೆಯವರನ್ನು ನೋಡಿ.

ತಗಡು ಬರಿದಾಗುವವರೆಗೂ ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಪುಟ್ಟಿ ಉಗುರಿನ ದಪ್ಪ ದಾಟಬಾರದು. ಆಮೇಲೆ ಸರ್ಫೇಸರ್ (ಮೇಲ್ಮೈ ನುಣುಪು ಮಾಡುವ ಕೋಟ್), 400ರಿಂದ 800ರವರೆಗೆ ವಾಟರ್ ಪೇಪರ್, ಕಪ್ಪು ಬಣ್ಣ. ಅದರ ಮೇಲೆ ಒಂದು ಕೋಟ್ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಲೇಪ) ಹೊಡೆಯಿರಿ, ಬಂಗಾರದ ಗೆರೆ ಎಳೆಯುವ ಮೊದಲೇ. ಇದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಕೆಡುತ್ತದೆ. ಎರಡು ದಿನ ಬಿಟ್ಟು, 1000ದ ವಾಟರ್ ಪೇಪರಿನಲ್ಲಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಈಗ ಇದರ ಮೇಲೆ ಎಳೆದ ಗೆರೆ ವಕ್ರವಾದರೆ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕೆಳಗಿನ ಕಪ್ಪಿಗೆ ಏನೂ ಆಗುವುದಿಲ್ಲ. ಹತ್ತು ಸಲ ತಪ್ಪಿದರೂ ಹನ್ನೊಂದನೇ ಸಲ ಎಳೆಯಬಹುದು.

ಸ್ಟಿಕ್ಕರ್ ಗೆರೆ ಹಚ್ಚಬೇಡಿ. ಮುಚ್ಚಳದ ಹತ್ತಿರ ಪೆಟ್ರೋಲ್ ಚೆಲ್ಲಿ ಚೆಲ್ಲಿ ಅಂಚು ಏಳುತ್ತದೆ, ನಮ್ಮ ಬಿಸಿಲಿಗೆ ಮುದುಡುತ್ತದೆ. ಅಲ್ಲದೆ ಸ್ಟಿಕ್ಕರಿನ ಗೆರೆ ಉದ್ದಕ್ಕೂ ಒಂದೇ ದಪ್ಪ. ಕೈಯಲ್ಲಿ ಎಳೆದದ್ದು ತಿರುವಿನಲ್ಲಿ ಕೂದಲೆಳೆಯಷ್ಟು ಸಣ್ಣಗಾಗಿ ಮತ್ತೆ ತುಂಬಿಕೊಳ್ಳುತ್ತದೆ. ಮದ್ರಾಸಿನ ಟ್ಯಾಂಕುಗಳ ಗೆರೆ ಕೈಯಿಂದಲೇ ಎಳೆದದ್ದು.

ಈ ಕೈ ನಮ್ಮಲ್ಲೂ ಇದೆ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಯ ಸೀರೆಯಂಚಿಗೆ ಗೆರೆ ಎಳೆಯುವುದನ್ನು ನೋಡಿದವರಿಗೆ ಇದು ಗೊತ್ತು. ಬಳ್ಳಾರಿ, ಹೊಸಪೇಟೆಯ ಲಾರಿ ಬಾಡಿ ಶೆಡ್ಡುಗಳಲ್ಲೂ ಅಂಥ ಪೇಂಟರುಗಳಿದ್ದಾರೆ. ನನ್ನ ಟ್ಯಾಂಕಿಗೆ ಗೆರೆ ಎಳೆದವರು ನಲವತ್ತು ವರ್ಷ ಲಾರಿಗೆ ಹೂವು, ಹೆಸರು ಬರೆದ ಒಬ್ಬ ಕಾಕಾ. ಎರಡಿಂಚು ಉದ್ದ ಕೂದಲಿನ ಬ್ರಷ್ಷು. ಅದನ್ನು ಎನಾಮಲ್ಲಿನಲ್ಲಿ ಅದ್ದಿ, ಒಂದು ಪೋಸ್ಟ್ ಕಾರ್ಡಿನ ಮೇಲೆ ಆ ಕಡೆ ಈ ಕಡೆ ಒರೆಸಿ ಚಪ್ಪಟೆ ಮಾಡಿಕೊಂಡರು. ಕಿರುಬೆರಳನ್ನು ಟ್ಯಾಂಕಿನ ಅಂಚಿಗೆ ಒರಗಿಸಿದರು. ಕೂದಲನ್ನು ಪೂರ್ತಿ ಮಲಗಿಸಿ, ಮುಂದಿನಿಂದ ತಮ್ಮ ಕಡೆಗೆ ಇಡೀ ತೋಳಿನಿಂದ ಎಳೆದರು. ಮಣಿಕಟ್ಟು ಅಲುಗಲಿಲ್ಲ. ನಾನು ಎಳೆಯಲು ಹೋದಾಗ ಗೆರೆ ಹಾವಾಯಿತು. ‘ಬ್ರಷ್ ನೋಡಬ್ಯಾಡ್ರಿ,’ ಅಂದರು. ‘ಗೆರಿ ಎಲ್ಲಿಗಿ ಹೋಗ್ಬೇಕೋ ಅಲ್ಲಿ ಕಣ್ಣಿಡ್ರಿ.’ ನಾಲ್ಕನೇ ಸಲ ಬಂತು.

ಮಾಸ್ಕಿಂಗ್ ಟೇಪು ಹಚ್ಚುವುದಾದರೆ ಗೆರೆಯ ಅಂಚಿಗೆ ಹಚ್ಚಬೇಡಿ, ಅಡಿಗೆ ಬಣ್ಣ ನುಸುಳುತ್ತದೆ. 5 ಮಿ.ಮೀ. ದೂರಕ್ಕೆ ಹಚ್ಚಿ, ಕಣ್ಣಿಗೆ ದಾರಿ ತೋರಿಸಲು ಮಾತ್ರ. ಗೆರೆಯ ದಪ್ಪ 3 ಮಿ.ಮೀ. ದಾಟಬಾರದು. ಡಬ್ಬಿಯ ಬಂಗಾರದ ಬಣ್ಣದಲ್ಲಿ ಸಾಮಾನ್ಯವಾಗಿ ಹಿತ್ತಾಳೆ ಪುಡಿ ಇರುತ್ತದೆ, ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಹಾಗಾಗಿ ಮೇಲೆ ಕ್ಲಿಯರ್ ಬೇಕೇ ಬೇಕು. ಆದರೆ ಎನಾಮಲ್ ಹಸಿಯಿದ್ದಾಗ ಟೂ-ಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಹೊಡೆಯುವುದು) ಹೊಡೆದರೆ ಗೆರೆ ಸುಕ್ಕುಗಟ್ಟಿ ಏಳುತ್ತದೆ. ಕನಿಷ್ಠ ಒಂದು ವಾರ ಬಿಡಿ. ಮೊದಲ ಕೋಟನ್ನು ಮಂಜಿನಷ್ಟು ತೆಳ್ಳಗೆ ಹೊಡೆದು, ಅದು ಆರಿದ ಮೇಲೆ ಪೂರ್ತಿ ಕೋಟ್ ಕೊಡಿ. ಮೊದಲು ಒಂದು ಹಳೇ ತಗಡಿನ ಮೇಲೆ ಪರೀಕ್ಷೆ ಮಾಡಿ.

ಲೋಹದ ಲಾಂಛನಕ್ಕೆ ಟ್ಯಾಂಕಿನಲ್ಲಿ ಮೊದಲೇ ಸ್ಕ್ರೂ ಮನೆ ಇದ್ದರೆ ಸರಿ. ಇಲ್ಲದಿದ್ದರೆ ಕಾರಿನ ಲಾಂಛನಕ್ಕೆ ಬಳಸುವ, ಎರಡೂ ಕಡೆ ಅಂಟುವ ಟೇಪು ಸಾಕು. ನನ್ನದು ಮೂರು ಬೇಸಿಗೆ ಕಂಡಿದೆ, ಅಲುಗಿಲ್ಲ.

ಸೀಟು

ಸ್ಪ್ರಿಂಗ್ ಸೀಟಿನ ಮೂಗು ಹಳೆಯ ಸೀಟಿನ ಬೋಲ್ಟಿಗೇ ಕೂರಬೇಕು. ಅದಕ್ಕೆ ಸಣ್ಣ ಬ್ರಾಕೆಟ್ ಮಾಡಿಸಿ. ಹಿಂದಿನ ಎರಡು ಸ್ಪ್ರಿಂಗಿಗೆ ಅಡ್ಡಪಟ್ಟಿ ಬೇಕು. ಆ ಪಟ್ಟಿಯನ್ನು ಚಾಸಿ ಪೈಪಿಗೆ ಯು-ಕ್ಲ್ಯಾಂಪಿನಲ್ಲಿ ಹಿಡಿಸಿ, ನಡುವೆ ಸೈಕಲ್ ಟ್ಯೂಬಿನ ತುಂಡು ಇಡಿ, ಪೈಪಿನ ಬಣ್ಣ ಉಳಿಯುತ್ತದೆ. ‘ಎರಡು ಟಾಕಿ ಹೊಡೀತೀನಿ ಸರ, ಗಟ್ಟಿ ಇರ್ತೈತಿ’ ಅಂತ ವೆಲ್ಡರ್ ಹೇಳೇ ಹೇಳುತ್ತಾರೆ. ಒಪ್ಪಬೇಡಿ. ಕೂತು ಜೋರಾಗಿ ಕುಪ್ಪಳಿಸಿ ನೋಡಿ, ಸ್ಪ್ರಿಂಗ್ ಮಡ್‌ಗಾರ್ಡಿಗೆ ತಾಗಬಾರದು. ಆರ್‌ಸಿಯಲ್ಲಿ ಇಬ್ಬರು ಅಂತಿದ್ದರೆ ಹಿಂದೆ ಪುಟ್ಟ ಸೀಟು, ಹಿಡಿಕೆ, ಕಾಲಿಡುವ ಪೆಗ್ ಇರಲೇಬೇಕು.

ದೀಪ, ಸೈಲೆನ್ಸರು, ನಂಬರ್ ಪ್ಲೇಟು

ಹಿಂದಿನ ದೀಪಕ್ಕೆ ಸಣ್ಣ ಲೋಹದ ಮನೆಯದು ತನ್ನಿ, ಹಳೆಯ ತೂತುಗಳಿಗೇ ಹೊಂದಿಸಿ. ಬಲ್ಬ್ 12 ವೋಲ್ಟಿನದೇ ಎಂದು ನೋಡಿ, ಹಳೇ ಕಾಲದ 6 ವೋಲ್ಟ್ ಬಲ್ಬ್ ಹಾಕಿದರೆ ಕ್ಷಣದಲ್ಲಿ ಸುಡುತ್ತದೆ. ಇಂಡಿಕೇಟರ್ ತೆಗೆಯಬೇಡಿ. ಹಳೆಯ ಗಾಡಿಗೆ ಇರಲಿಲ್ಲ, ನಿಜ. ಆದರೆ ರಾತ್ರಿ ಹೊಸಪೇಟೆ ರಸ್ತೆಯಲ್ಲಿ ಲಾರಿಗಳ ನಡುವೆ ಬಲಕ್ಕೆ ತಿರುಗುವಾಗ ಅದೊಂದೇ ನಿಮ್ಮ ಮಾತು. ಕನ್ನಡಿ, ಬ್ರೇಕು, ಕಾರ್ಬುರೇಟರ್ ಇದ್ದ ಹಾಗೇ ಇರಲಿ.

ಸೈಲೆನ್ಸರು ಉದ್ದದ್ದು ಸಿಗುತ್ತದೆ. ಒಳಗೆ ಜಾಲರಿ ಇರುವುದನ್ನೇ ಕೊಳ್ಳಿ. ಟೊಳ್ಳು ಪೈಪಿನ ಸದ್ದು ಹಳೇ ಬುಲೆಟ್ಟಿನ ಸದ್ದಲ್ಲ. ಆ ಕಾಲದ ಗಾಡಿ ಮೆತ್ತಗೆ ಡಬ್ ಡಬ್ ಅನ್ನುತ್ತಿತ್ತು.

ಮುಂದಿನ ಮಡ್‌ಗಾರ್ಡಿನ ಮೇಲೆ ಬಾಗಿದ ನಂಬರ್ ಪ್ಲೇಟಿನ ಆಸೆ ಎಲ್ಲರಿಗೂ. ಆದರೆ ಈಗ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟು) ಕಡ್ಡಾಯ. ಹಿಂದಿನದನ್ನು ಹಿಡಿಯುವ ಲಾಕ್ ಒಮ್ಮೆ ಹಾಕಿದರೆ ಮುಗಿಯಿತು, ಬಿಚ್ಚಿದರೆ ಮುರಿಯುತ್ತದೆ. ಅದಕ್ಕೇ ಮಡ್‌ಗಾರ್ಡು, ಬ್ರಾಕೆಟ್ಟುಗಳ ಜಾಗ ಪಕ್ಕಾ ಮಾಡಿಕೊಂಡು ಆಮೇಲೆ ಪ್ಲೇಟು ಹಾಕಿಸಿ.

ಬಿಚ್ಚಿದ್ದನ್ನು ಎತ್ತಿಡುವುದು

ಮೂಲ ಟ್ಯಾಂಕಿನ ಒಳಗೆ ಆಯಿಲ್ ಆಡಿಸಿ ಬಾಯಿ ಮುಚ್ಚಿ. ಕ್ರೋಮ್ ಭಾಗಗಳಿಗೆ ಆಯಿಲ್ ಸವರಿ ಹಳೇ ಕಾಟನ್ ಪಂಚೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಒಳಗೆ ಬೆವತು ತುಕ್ಕು ಹಿಡಿಯುತ್ತದೆ. ಸೀಟನ್ನು ಇಲಿ ಮುಟ್ಟದ ಕಡೆ ತೂಗುಹಾಕಿ. ಪೆಟ್ಟಿಗೆಯ ಮೇಲೆ ಗಾಡಿಯ ನಂಬರು, ಬಿಚ್ಚಿದ ತಾರೀಖು, ಒಳಗಿರುವ ಬೋಲ್ಟುಗಳ ಲೆಕ್ಕ ಬರೆದು ಅಟ್ಟಕ್ಕೆ ಹಾಕಿ. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಗಾಡಿ ತೊಳೆಯುವಾಗ ಅದನ್ನೂ ಇಳಿಸಿ, ಬಿಚ್ಚಿ ನೋಡಿ, ಆಯಿಲ್ ಮತ್ತೊಮ್ಮೆ ಸವರಿ.