ಸ್ಟೇಷನ್‌ಗೆ ಬನ್ನಿ ಅಂತ ಫೋನ್ ಬಂದರೆ ಮೊದಲು ಕಾಗದ ಕೇಳಿ

ನನ್ನ ಚಿಕ್ಕಪ್ಪನ ಮಗನಿಗೆ ಒಂದು ಸಂಜೆ ಫೋನ್ ಬಂತು. "ನಾಳೆ ಹತ್ತು ಗಂಟೆಗೆ ಸ್ಟೇಷನ್‌ಗೆ ಬಾ, ಸಾಹೇಬ್ರು ಕರೀತಿದಾರೆ." ಯಾಕೆ ಸರ್ ಅಂತ ಕೇಳಿದರೆ "ಬಾರಯ್ಯ, ಬಂದ್ಮೇಲೆ ಗೊತ್ತಾಗುತ್ತೆ" ಅಂತ ಫೋನ್ ಇಟ್ಟರು. ಪಾಪ, ಹೋದ. ಫೋನ್ ಇಸಿದುಕೊಂಡು ಡ್ರಾಯರ್‌ಗೆ ಹಾಕಿದರು. ಸಂಜೆ ಆರರವರೆಗೆ ಬೆಂಚಿನ ಮೇಲೆ ಕೂತಿದ್ದ, ಮಾರನೇ ದಿನ ಮತ್ತೆ ಬರಹೇಳಿದರು. ಇಷ್ಟಾದರೂ ಅವನು ಅಲ್ಲಿಗೆ ಹೋಗಿದ್ದ ಅನ್ನುವುದಕ್ಕೆ ಒಂದು ಸಾಲಿನ ಬರಹ ಇರಲಿಲ್ಲ.

ತೊಂದರೆ ಇರುವುದೇ ಅಲ್ಲಿ. ಸಂವಿಧಾನದ 22ನೇ ವಿಧಿ ಪ್ರಕಾರ ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು, ದಾರಿಯ ಸಮಯ ಮಾತ್ರ ಲೆಕ್ಕಕ್ಕಿಲ್ಲ. ಆದರೆ "ಅರೆಸ್ಟ್ ಮಾಡಿಲ್ಲ ಸ್ವಾಮಿ, ಸುಮ್ನೆ ವಿಚಾರಣೆಗೆ ಕೂರಿಸಿದ್ದೀವಿ" ಅಂದುಬಿಟ್ಟರೆ? ಆಗ ಆ 24 ಗಂಟೆ ಯಾವಾಗ ಶುರುವಾಯಿತು ಅನ್ನುವುದೇ ಜಗಳ. ಅದಕ್ಕೇ ಹೇಳುವುದು, ಕಾಗದ ಕೇಳಿ. ನೋಟಿಸ್ ಅಂದರೆ ಜನ ಹೆದರುತ್ತಾರೆ. ನಿಜ ಹೇಳಬೇಕೆಂದರೆ ಅದು ನಿಮ್ಮನ್ನು ಕಾಯುವ ಕಾಗದ.

ಫೋನ್ ಬಂದಾಗ ದನಿ ಏರಿಸಬೇಡಿ. "ಖಂಡಿತ ಬರ್ತೀನಿ ಸರ್, ಒಂದು ನೋಟಿಸ್ ಕೊಡಿ" ಅನ್ನಿ, ಅಷ್ಟೇ. ಕರೆದವರ ಹೆಸರು, ಹುದ್ದೆ, ಸ್ಟೇಷನ್, ಫೋನ್ ಬಂದ ಹೊತ್ತು ಬರೆದಿಡಿ. ತನಿಖೆ, ಬಂಧನ ಹೇಗೆ ನಡೆಯಬೇಕು ಅಂತ ಹೇಳುವ ಹಳೆಯ ಸಿಆರ್‌ಪಿಸಿ ಕಾಯ್ದೆಯ ಬದಲು 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ ಕಾಯ್ದೆ ನಡೆಯುತ್ತಿದೆ. ಆರೋಪ ಇದ್ದವರಿಗೆ ಅದರ 35(3)ನೇ ಕಲಂ ಕೆಳಗೆ ನೋಟಿಸ್ ಬರುತ್ತದೆ, ಮೊದಲು ಇದನ್ನೇ 41ಎ ನೋಟಿಸ್ ಅನ್ನುತ್ತಿದ್ದರು. ಸಾಕ್ಷಿಯಾಗಿ ಕರೆಯುವುದಾದರೆ 179ನೇ ಕಲಂ. ಎರಡಕ್ಕೂ ಬರಹದಲ್ಲೇ ಕರೆಯಬೇಕು. ವಾಟ್ಸಾಪ್‌ನಲ್ಲಿ 35ರ ನೋಟಿಸ್ ಕಳಿಸಿದರೆ ಅದು ಸರಿಯಾಗಿ ತಲುಪಿಸಿದಂತಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಆ ಮೆಸೇಜ್ ಅಳಿಸಿ ಸುಮ್ಮನಿರಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ವಕೀಲರಿಗೆ ತೋರಿಸಿ. ಇನ್ನು ವಿಡಿಯೋ ಕಾಲ್‌ನಲ್ಲಿ ಖಾಕಿ ಹಾಕಿಕೊಂಡು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೀವಿ" ಅನ್ನುವವರು ಕಳ್ಳರು. ಅಂಥದ್ದೊಂದು ನಮ್ಮ ಕಾನೂನಿನಲ್ಲೇ ಇಲ್ಲ. ಕಾಲ್ ಕಟ್ ಮಾಡಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನೋಟಿಸ್ ಕೈಗೆ ಬಂದರೆ ಮೊದಲು ಕ್ರೈಂ ನಂಬರ್, ಅಂದರೆ ಸ್ಟೇಷನ್‌ನಲ್ಲಿ ಕೇಸ್ ದಾಖಲಾದ ನಂಬರ್, ಹುಡುಕಿ. ಬರೀ "ವಿಚಾರಣೆಗೆ ಹಾಜರಾಗತಕ್ಕದ್ದು" ಅಂತಿದ್ದರೆ ಸಾಲದು. ಕ್ರೈಂ ನಂಬರ್ ಇರಬೇಕು, ಏನು ಆರೋಪ ಅಂತ ಇರಬೇಕು, ಎಫ್‌ಐಆರ್ ಪ್ರತಿ ಜೊತೆಗಿರಬೇಕು ಅಂತ ನಮ್ಮ ಕರ್ನಾಟಕ ಹೈಕೋರ್ಟ್ 2024ರಲ್ಲೇ ಹೇಳಿದೆ. ನಮ್ಮ ಹುಡುಗನಿಗೆ ಕೇಳಿ ಕೇಳಿ ಕೊನೆಗೆ ಸಿಕ್ಕ ಚೀಟಿಯಲ್ಲಿ ಹೆಸರೂ ತಪ್ಪಿತ್ತು, ಕ್ರೈಂ ನಂಬರ್ ಜಾಗ ಖಾಲಿ! ಆದರೆ ಸರಿಯಾದ ನೋಟಿಸ್ ಬಂದ ಮೇಲೆ ತಪ್ಪಿಸಿಕೊಳ್ಳಬೇಡಿ. ಅವರು ಹೇಳಿದ ದಿನ ನೀವು ಹಾಜರಾಗುತ್ತಿರುವಷ್ಟು ಕಾಲ ಬಂಧಿಸುವ ಹಾಗಿಲ್ಲ, ಬಂಧಿಸಲೇಬೇಕು ಅನ್ನಿಸಿದರೆ ಪೊಲೀಸರು ಕಾರಣ ಬರೆಯಬೇಕು. ಹೋಗದೇ ಇದ್ದರೆ ಆ ಕಾರಣವನ್ನು ನೀವೇ ಕೈಯಾರೆ ಕೊಟ್ಟಂತೆ.

ಸಾಕ್ಷಿ ಹೇಳಿಕೆಗಾದರೆ ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀರಾ ಹುಷಾರಿಲ್ಲದವರನ್ನು ಸ್ಟೇಷನ್‌ಗೆ ಬನ್ನಿ ಅಂತ ಒತ್ತಾಯ ಮಾಡುವ ಹಾಗಿಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು. ಅಮ್ಮನನ್ನು ಕರೆದುಕೊಂಡು ಬಾ ಅಂದರೆ ಇದನ್ನು ನೆನಪಿಸಿ.

ಒಬ್ಬರೇ ಹೋಗಬೇಡಿ. ಮನೆಯವರು ಯಾರಾದರೂ ಹೊರಗೆ ಕಾಯಲಿ, ಸಾಧ್ಯವಾದರೆ ವಕೀಲರು. ಎರಡು ಫೋನ್ ನಂಬರ್ ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ, ಫೋನ್ ಅವರ ಕೈಗೆ ಹೋದರೆ ಹೆಂಡತಿ ನಂಬರ್ ಕೂಡ ನೆನಪಿರುವುದಿಲ್ಲ, ಅಲ್ವಾ? ಒಳಗೆ ಕೇಳಿದ ಎಲ್ಲದಕ್ಕೂ ಉತ್ತರ ಕೊಡಲೇಬೇಕು ಅಂತಿಲ್ಲ. ನಿಮ್ಮನ್ನೇ ಅಪರಾಧಕ್ಕೆ ಸಿಲುಕಿಸುವ ಪ್ರಶ್ನೆಗೆ ಸುಮ್ಮನಿರಬಹುದು, ಸಂವಿಧಾನದ 20(3)ನೇ ವಿಧಿ ಕೊಟ್ಟ ಹಕ್ಕು ಅದು. ಸುಳ್ಳು ಮಾತ್ರ ಹೇಳಬೇಡಿ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ನಿಮ್ಮ ಸಹಿ ಬೇಕಿಲ್ಲ. "ಇಲ್ಲೊಂದು ಸೈನ್ ಹಾಕಿ ಹೊರಡಿ" ಅಂತ ಖಾಲಿ ಹಾಳೆ ಮುಂದಿಟ್ಟರೆ, ಎಷ್ಟೇ ಸುಸ್ತಾಗಿದ್ದರೂ, ಬಸ್ ತಪ್ಪಿಹೋದರೂ, ಹಾಕಬೇಡಿ.

ಅರೆಸ್ಟ್ ಮಾಡಿಯೇಬಿಟ್ಟರೆ ಆಟ ಬೇರೆ. 1986ರಲ್ಲಿ ಪಶ್ಚಿಮ ಬಂಗಾಳದ ಡಿ.ಕೆ. ಬಸು ಅನ್ನುವವರು ಲಾಕಪ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಮೂರ್ತಿಗೆ ಒಂದು ಪತ್ರ ಬರೆದರು. ಕೋರ್ಟ್ ಆ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡು 1996ರಲ್ಲಿ ತೀರ್ಪು ಕೊಟ್ಟಿತು. ಬಂಧಿಸುವವರ ಎದೆ ಮೇಲೆ ಹೆಸರಿನ ಪಟ್ಟಿ ಇರಬೇಕು, ಬಂಧನದ ವಿವರ ಇರುವ ಅರೆಸ್ಟ್ ಮೆಮೋ ಬರೆಯಬೇಕು, ಮನೆಯವರೋ ಊರಿನ ಗೌರವಸ್ಥರೋ ಅದಕ್ಕೆ ಸಾಕ್ಷಿ ಸಹಿ ಹಾಕಬೇಕು ಅನ್ನುವುದೆಲ್ಲ ಅಲ್ಲಿಂದ ಬಂದದ್ದು, ಈಗ ಕಾಯ್ದೆಯಲ್ಲೇ ಸೇರಿದೆ. ಮೆಮೋದಲ್ಲಿ ಸಮಯ ನೋಡಿ. ಬೆಳಿಗ್ಗೆ ಹಿಡಿದು ರಾತ್ರಿ ಎಂಟು ಅಂತ ಬರೆದಿದ್ದರೆ ಸಹಿಯ ಪಕ್ಕ ನಿಜವಾದ ಹೊತ್ತು ಬರೆಯಿರಿ. ಬರೆಯಲು ಬಿಡದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಬಾಯಿಬಿಟ್ಟು ಹೇಳಿ. ಹೊಡೆದಿದ್ದರೆ ಅದನ್ನೂ ಅಲ್ಲೇ ಹೇಳಿ. ವೈದ್ಯಕೀಯ ತಪಾಸಣೆ ಹೇಗೂ ಮಾಡಿಸಲೇಬೇಕು, ಡಾಕ್ಟರಿಗೆ ಗಾಯ ತೋರಿಸಿ ಬರೆಸಿ.

ಬಂಧನದ ಕಾರಣವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿಯಾಗಿ ಹೇಳಿದೆ. ಮುಂಬೈಯಲ್ಲೋ ಪುಣೆಯಲ್ಲೋ ಸಿಕ್ಕಿಬಿದ್ದ ನಮ್ಮ ಹುಡುಗರು ಮರಾಠಿ ಓದಲು ಬರದಿದ್ದರೆ ಕನ್ನಡದಲ್ಲಿ ಕೊಡಿ ಅಂತ ಕೇಳಬಹುದು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಸಾಮಾನ್ಯವಾಗಿ ಬಂಧಿಸುವ ಹಾಗಿಲ್ಲ. ಕೈಕೋಳವೂ ಅಷ್ಟೇ, ಎಲ್ಲರಿಗೂ ಹಾಕುವಂಥದ್ದಲ್ಲ. ಚೆಕ್ ಬೌನ್ಸ್ ಕೇಸಿನಲ್ಲಿ ಒಬ್ಬ ಕಾನೂನು ವಿದ್ಯಾರ್ಥಿಗೆ ಕೋಳ ಹಾಕಿ ನಡೆಸಿದ್ದಕ್ಕೆ 2022ರಲ್ಲಿ ನಮ್ಮ ಹೈಕೋರ್ಟ್ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ವಕೀಲರಿಗೆ ದುಡ್ಡಿಲ್ಲವಾ? 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ್ದು. ಕಸ್ಟಡಿಯಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. 24 ಗಂಟೆ ದಾಟಿದರೂ ಮನೆಯವರಿಗೆ ಸುದ್ದಿಯಿಲ್ಲ, ಸ್ಟೇಷನ್‌ನಲ್ಲಿ "ಇಲ್ಲಿಗೆ ಬಂದೇ ಇಲ್ಲ" ಅನ್ನುತ್ತಿದ್ದಾರೆ ಅಂದರೆ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟವರನ್ನು ಕೋರ್ಟ್ ಮುಂದೆ ತಂದು ನಿಲ್ಲಿಸಿ ಅಂತ ಕೇಳುವ ಅರ್ಜಿ ಹಾಕಬೇಕು. ಅದಕ್ಕೆ ಎಲ್ಲರೂ ಬೆಂಗಳೂರಿಗೇ ಓಡಬೇಕಿಲ್ಲ, ಧಾರವಾಡ, ಕಲಬುರಗಿಯಲ್ಲೂ ಹೈಕೋರ್ಟ್ ಪೀಠಗಳಿವೆ. ಒಂದು ಮಾತು ಮುಚ್ಚಿಡಬಾರದು. ಮುಂದೆ ಅಪರಾಧ ಮಾಡಬಹುದು ಅಂತ ಮೊದಲೇ ಹಿಡಿದಿಡುವ, ಗೂಂಡಾ ಕಾಯ್ದೆಯಂಥ ಮುನ್ನೆಚ್ಚರಿಕೆ ಬಂಧನಕ್ಕೆ ಈ 24 ಗಂಟೆಯ ನಿಯಮ ಅನ್ವಯಿಸುವುದಿಲ್ಲ. ಸಂವಿಧಾನವೇ ಅಲ್ಲೊಂದು ಬಾಗಿಲು ತೆರೆದಿಟ್ಟಿದೆ, ನನಗಂತೂ ಅದು ಇಷ್ಟವಿಲ್ಲ. ಅಂಥ ಕೇಸಿಗೆ ಮೊದಲ ದಿನವೇ ವಕೀಲರು ಬೇಕು.

ನಮ್ಮ ಹುಡುಗನ ವಿಷಯಕ್ಕೆ ಬಂದರೆ, ಅವನು ಎರಡು ವರ್ಷದ ಹಿಂದೆ ಮಾರಿದ್ದ ಬೈಕ್ ಯಾವುದೋ ಸರಗಳ್ಳತನದಲ್ಲಿ ಸಿಕ್ಕಿತ್ತು. ಆರ್‌ಸಿ ಇನ್ನೂ ಇವನ ಹೆಸರಿನಲ್ಲೇ ಇತ್ತು. ಮಾರಿದಾಗ ಬರೆಸಿಕೊಂಡಿದ್ದ ಚೀಟಿ ಚಿಕ್ಕಮ್ಮನ ಸೀರೆ ಪೆಟ್ಟಿಗೆಯಲ್ಲಿ ಸಿಕ್ಕಿತು, ಅದರ ಜೆರಾಕ್ಸ್ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಂಡು ಬಂದ. ನೀವೂ ಬೈಕ್ ಮಾರಿದ್ದರೆ ಆರ್‌ಟಿಓಗೆ ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30 ಕೊಟ್ಟಿದ್ದೀರಾ ಅಂತ ಇವತ್ತೇ ನೋಡಿಕೊಳ್ಳಿ.