ಜ್ವಾಳದ ಬೇರಿನೊಳಗಿನ ಬ್ಯಾಕ್ಟೀರಿಯಾ: ನನ್ನ ಅನುಭವ

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾ ಎಂಡೋಫೈಟ್ ತಗೊಂಡಿದ್ದೆ. ಎಂಡೋಫೈಟ್ ಅಂದ್ರ ಗಿಡಕ್ಕ ಏನೂ ರೋಗ ತರದ ಅದರ ಬೇರು ದಂಟು ಎಲಿ ಒಳಗ ಇರೋ ಸೂಕ್ಷ್ಮಜೀವಿ, ನಾ ತಗೊಂಡಿದ್ದು ಅದರಾಗಿನ ಬ್ಯಾಕ್ಟೀರಿಯಾ. ಲ್ಯಾಬ್ ಧಾರವಾಡದಾಗ, ಸ್ಯಾಂಪಲ್ ಮಾತ್ರ ಗದಗ ಹತ್ರ ನಮ್ಮ ಹೊಲದ ಹಿಂಗಾರಿ ಜ್ವಾಳದ್ದು. ಬೇರು ಕೀಳಾಕ ಹೋದಾಗ ನಮ್ಮ ಕಾಕಾ ಬಾಜೂ ಹೊಲದಾಗಿನ ಒಂದು ಕಡ್ಲಿ ಗಿಡಾ ಕಿತ್ತು ಬೇರಿನ ಗಂಟು ತೋರಿಸಿ, "ನಿಮ್ಮ ಬ್ಯಾಕ್ಟೀರಿಯಾ ಇಲ್ಲೇ ಅದಾವಲ್ಲ, ಜ್ವಾಳದಾಗ ಏನ್ ಹುಡಕ್ತಿ ತಂಗಿ" ಅಂದ್ರು. ಖರೇನ, ಇಂಥಾ ಗಂಟಿನಾಗಿದ್ದು ಗಾಳ್ಯಾಗಿನ ನೈಟ್ರೋಜನ್ ಹಿಡದು ಗಿಡಕ್ಕ ಕೊಡೋ ರೈಜೋಬಿಯಂ ಬ್ಯಾಕ್ಟೀರಿಯಾದ ಸಂಗತಿ 1888ರಿಂದ ಗೊತ್ತೈತಿ, ಬೈಯರಿಂಕ್ ಅಂತ ಡಚ್ ವಿಜ್ಞಾನಿ ಅದನ್ನ ಬೇರ್ಪಡಿಸಿ ಬೆಳೆಸಿದ್ರು. ಜ್ವಾಳಕ್ಕ ಗಂಟು ಇಲ್ಲ, ಅದರಾಗಿನ ಎಂಡೋಫೈಟ್ ಜೀವಕೋಶಗಳ ಸಂದಿಯಾಗ ಸುಮ್ಮನ ಇರ್ತಾವು, ಹೊರಗಿಂದ ನೋಡಿದ್ರ ಏನೂ ಗೊತ್ತಾಗೂದಿಲ್ಲ.

ಬ್ಯಾಕ್ಟೀರಿಯಾ ಬೆಳಸೋದು ಅಂಥಾ ಕಷ್ಟ ಅಲ್ರಿ. ಬೆಳದಿದ್ದು ಬೇರಿನ ಒಳಗಿಂದಾ, ಮ್ಯಾಲಿನ ಮಣ್ಣಿಂದಾ ಅನ್ನೋದನ್ನ ತೋರ್ಸೋದ ಕಷ್ಟ, ನನ್ನ ಕೆಲಸದ ಅರ್ಧಾ ಟೈಮ್ ಇದಕ್ಕ ಹೋತು. ಪದ್ಧತಿ ಏನಂದ್ರ ಬೇರು ತೊಳದು ಸಣ್ಣ ತುಂಡು ಮಾಡಿ 70% ಆಲ್ಕೋಹಾಲ್‌ನಾಗ 1 ನಿಮಿಷ, ಆಮ್ಯಾಲೆ ಸೋಡಿಯಂ ಹೈಪೋಕ್ಲೋರೈಟ್ ಅನ್ನೋ ಬ್ಲೀಚ್ ದ್ರಾವಣದಾಗ ಕೆಲವು ನಿಮಿಷ ಇಟ್ಟು, ಆಟೋಕ್ಲೇವ್ ಮಾಡಿದ, ಅಂದ್ರ ಒತ್ತಡದ ಉಗಿಯಾಗ ಕಾಯಿಸಿ ಜೀವಾಣು ಕೊಂದ ನೀರಿನಾಗ 5 ಸಲ ತೊಳಿಯೋದು. ಕೊನೀ ಸಲ ತೊಳದ ನೀರನ್ನ ಚೆಲ್ಲಬಾರ್ದು, ಅದನ್ನ ಅಗರ್ ಪ್ಲೇಟ್ (ಬ್ಯಾಕ್ಟೀರಿಯಾ ಬೆಳಸೋ ಜೆಲ್ಲಿ ತುಂಬಿದ ತಟ್ಟಿ) ಮ್ಯಾಲೆ ಹಾಕಿ ಇಡಬೇಕು. ಆ ಪ್ಲೇಟಿನಾಗ ಏನೂ ಬೆಳೀಲಿಲ್ಲಂದ್ರ ಹೊರಗಿನವು ಹೋಗ್ಯಾವು ಅಂತ ನಂಬಬಹುದು.

ನಂದು ಮೊದಲ ಸಲ ಬೆಳೀತು. ಎರಡು ದಿನ ಬಿಟ್ಟು ಇನ್ಕ್ಯುಬೇಟರ್ ತಗದ್ರ ಮೇನ್ ಪ್ಲೇಟಿನಾಗ ಹಳದಿ, ಬಿಳಿ, ತೆಳು ಗುಲಾಬಿ ಕಾಲೊನಿ (ಬ್ಯಾಕ್ಟೀರಿಯಾದ ಗುಂಪು), ನೋಡಿ ಭಾಳ ಖುಷಿ ಆತು, ಬಾಜೂಕ ತೊಳದ ನೀರಿನ ಪ್ಲೇಟ್ ನೋಡಿದ್ರ ಅದರಾಗೂ ಅವ ಹಳದಿ, ಅವ ಬಿಳಿ. ಮೇಡಂ ಬಂದು ನೋಡಿ "ಇದು ಮಣ್ಣಿಂದವ್ವಾ, ಎಲ್ಲಾ ತಗದು ಹಾಕು" ಅಂದ್ರು. ಒಂದು ವಾರದ ಕೆಲಸ ಹಂಗ ಹೋತು. ಕಾರಣ ನಮ್ಮ ಎರಿ ಮಣ್ಣು, ಅದು ಸಣ್ಣ ಬೇರಿನ ಎಳಿಯೊಳಗ ಹೊಕ್ಕು ಕುಂದರ್ತೈತಿ, ಮಣ್ಣು ಉಳದ್ರ ಹೈಪೋಕ್ಲೋರೈಟಿನ ಕ್ಲೋರಿನ್ ಆ ಮಣ್ಣಿನ ಮ್ಯಾಲ ಖರ್ಚಾಗಿ ಬ್ಯಾಕ್ಟೀರಿಯಾ ಉಳೀತಾವು. ಹಂಗಂತ ಹೆಚ್ಚು ಹೊತ್ತು ಇಟ್ರ ಕ್ಲೋರಿನ್ ಒಳಗ ಇಳದು ನಮಗ ಬೇಕಾದವೂ ಸಾಯ್ತಾವು. ಮುಂದ ನಾ ಟೈಮ್ ಜಾಸ್ತಿ ಮಾಡ್ಲಿಲ್ಲ, ನಳದ ಕೆಳಗ ಮೆತ್ತಗಿನ ಬ್ರಷ್‌ಲೆ ಒಂದೊಂದ ಬೇರು ತಿಕ್ಕಿ ನೀರು ತಿಳಿ ಆಗೋ ತನಕಾ ತೊಳದು, ದ್ರಾವಣಾ ಪ್ರತಿ ಸಲ ಹೊಸಾದು ಮಾಡಿಕೊಂಡೆ. ಮೂರನೇ ಸಲಕ್ಕ ನೀರಿನ ಪ್ಲೇಟ್ ಪೂರ್ತಿ ಖಾಲಿ ಬಂತು, ಬೇರಿನ ತುಂಡನ್ನ ಅಗರ್ ಮ್ಯಾಲೆ ಉಳ್ಳಾಡಿಸಿದ ಪ್ಲೇಟೂ ಖಾಲಿ. ಆವಾಗ ಬೇರನ್ನ ಸಲೈನ್ ಅಂದ್ರ ಉಪ್ಪು ನೀರಿನಾಗ ಅರದು ಪ್ಲೇಟಿಗೆ ಹಾಕಿದೆ.

ಎಲ್ಲಾಕ್ಕಿಂತ ನನಗ ಸೇರಿದ್ದು ನೈಟ್ರೋಜನ್ ಇಲ್ಲದ ಮೀಡಿಯಾದ (ಬ್ಯಾಕ್ಟೀರಿಯಾಕ್ಕ ಹಾಕೋ ಆಹಾರದ) ಟ್ಯೂಬು. ಅಗರ್ ಭಾಳ ಕಡಿಮಿ ಹಾಕಿರ್ತಾರ, ಅರ್ಧ ಗಟ್ಟಿ, ಅಲ್ಲಾಡಿಸಿದ್ರ ನಡಗ್ತೈತಿ. ಗಾಳ್ಯಾಗಿನ ನೈಟ್ರೋಜನ್ ಹಿಡಿಯೋ ಬ್ಯಾಕ್ಟೀರಿಯಾ ಇದ್ರ ಕೆಲವು ದಿನಕ್ಕ ಹಾಲಿನ ಕೆನಿಯಂಥ ತೆಳು ಬಿಳಿ ಪದರಾ ಬರ್ತೈತಿ, ಅದೂ ಮ್ಯಾಲ ಅಲ್ಲ, ಒಂದಿಷ್ಟು ಕೆಳಗ. ಯಾಕಂದ್ರ ಅವಕ್ಕ ಉಸಿರಾಡಾಕ ಆಕ್ಸಿಜನ್ ಬೇಕು, ಆದ್ರ ನೈಟ್ರೋಜನ್ ಹಿಡಿಯೋ ಎಂಜೈಮು ಹೆಚ್ಚು ಆಕ್ಸಿಜನ್‌ಗೆ ಕೆಡ್ತೈತಿ, ಅದಕ್ಕ ತಮಗ ಹೊಂದೋ ಜಾಗಾ ನೋಡಿ ನಿಂದರ್ತಾವು. ಮೀಡಿಯಾಕ್ಕ ಹಾಕಿರೋ ಸೂಚಕದ ಹಸಿರು ಬಣ್ಣ ಪದರಿನ ಸುತ್ತ ಹಂಗ ನೀಲಿಗೆ ತಿರಗ್ತೈತಿ. ಬೆಳಕಿಗೆ ಹಿಡದು ಎಷ್ಟ ಹೊತ್ತು ನೋಡ್ಕೋತ ನಿಂತೇನೋ. ಬ್ರೆಜಿಲ್‌ನಾಗ ಯೋಹಾನಾ ಡೊಬೆರೈನರ್ ಅನ್ನೋ ವಿಜ್ಞಾನಿ ಇಂಥಾ ಟ್ಯೂಬ್ ಬಳಸೇ ಹುಲ್ಲು ಜಾತಿ ಬೆಳಿಗಳ ಬ್ಯಾಕ್ಟೀರಿಯಾ ಹುಡುಕಿದ್ರು, ಕಬ್ಬಿನೊಳಗ ನೈಟ್ರೋಜನ್ ಹಿಡಿಯೋ ಬ್ಯಾಕ್ಟೀರಿಯಾ ಐತಿ ಅಂತ 1988ರಾಗ ತೋರ್ಸಿದವರೂ ಅವರ.

ಪ್ಲೇಟಿನಾಗ ಬೆಳಿಯೋದು ಒಳಗಿರೋದ್ರಾಗ ಸ್ವಲ್ಪ ಅಷ್ಟ. ಅದಕ್ಕ ಎಲಿಯಿಂದ ನೇರ ಡಿಎನ್‌ಎ ತಗದು 16ಎಸ್ ಜೀನ್ ಓದಿಸಿದೆ, ಬ್ಯಾಕ್ಟೀರಿಯಾದ ಗುರುತು ಹಿಡಿಯೋ ಸುಮಾರು 1500 ಅಕ್ಷರದ ಜೀನ್ ಅದು. ರಿಸಲ್ಟ್ ಬಂದಾಗ ಬಹುಪಾಲು ಜ್ವಾಳದ್ದ ಕ್ಲೋರೋಪ್ಲಾಸ್ಟು! ಎಲಿಗೆ ಹಸಿರು ಕೊಡೋ ಕ್ಲೋರೋಪ್ಲಾಸ್ಟ್ ಒಂದು ಕಾಲಕ್ಕ ತಾನ ಸ್ವತಂತ್ರ ಬ್ಯಾಕ್ಟೀರಿಯಾ ಇದ್ದದ್ದು, ಅದರ ಜೀನೂ ಹಂಗ ಐತಿ, ಜೀನ್ ಹುಡುಕಿ ಹಿಡಿಯೋ ಸಣ್ಣ ಡಿಎನ್‌ಎ ತುಂಡಿಗೆ (ಪ್ರೈಮರ್‌ಗೆ) ಇದು ಬ್ಯಾರೆ ಅಂತ ಗೊತ್ತಾಗೂದಿಲ್ಲ. ಈಗ ಅದನ್ನ ತಡಿಯೋ ತುಂಡು ಅದಾವು, ಪಿಎನ್‌ಎ ಕ್ಲಾಂಪ್ ಅಂತಾರ, ಪಿಸಿಆರ್‌ನಾಗ, ಅಂದ್ರ ಡಿಎನ್‌ಎ ನಕಲು ಹೆಚ್ಚಿಸೋ ಹಂತದಾಗ, ಹಾಕಿದ್ರ ಗಿಡದ ಪಾಲು ಇಳೀತೈತಿ. ಮೊದಲ ಗೊತ್ತಿದ್ರ ಆ ರೊಕ್ಕಾ ಉಳೀತಿತ್ತು.

"ಹಂಗಾರ ಮುಂದಿನ ವರ್ಷ ಯೂರಿಯಾ ಬಿಡೋಣೇನು?" ಅಂತ ಕಾಕಾ ಕೇಳಿದ್ರು. ಇಲ್ಲ ಕಾಕಾ, ಬಿಡಬ್ಯಾಡ್ರಿ ಅಂದೆ. ಟ್ಯೂಬಿನಾಗ ನೈಟ್ರೋಜನ್ ಹಿಡದದ್ದು ಹೊಲದಾಗ ಗಿಡಕ್ಕ ಎಷ್ಟು ಕೊಡ್ತೈತಿ ಅನ್ನೋದು ಬ್ಯಾರೆ ಲೆಕ್ಕಾ, ಅದಕ್ಕ ಕುಂಡದಾಗ, ಆಮ್ಯಾಲೆ ಹೊಲದಾಗ, ಬ್ಯಾಕ್ಟೀರಿಯಾ ಹಾಕಿದ್ದು ಹಾಕದ್ದು ಎರಡೂ ಬೆಳಸಿ ನೋಡಬೇಕು.

ಈಗ ಕುಂಡಾ ಹಚ್ಚೇನಿ. ಅಲ್ಲೂ ಒಂದು ತೊಡಕು ಬಂತು, ಹೊರಗ ಪೂರ್ತಿ ಸ್ವಚ್ಛ ಮಾಡಿದ ಬೀಜಾ ಅಗರ್ ಮ್ಯಾಲೆ ಮೊಳಕಿ ಒಡದಾಗ ಕೆಲವಕ್ಕ ಬೇರಿನ ತುದಿ ಸುತ್ತ ಮೋಡದಂಗ ಬಿಳೇದು ಬಂತು. ಬೀಜದೊಳಗ ಮೊದಲ ಅದಾವು. ಹಾಕದ್ದು ಅಂತ ಇಟ್ಟ ಕುಂಡದಾಗೂ ಬ್ಯಾಕ್ಟೀರಿಯಾ ಇರೂವ. ಅವ್ವನ್ನ ಕೇಳಿ ಎರಡು ವರ್ಷದ ಬಿತ್ತೋ ಜ್ವಾಳಾ ಬ್ಯಾರೆ ಬ್ಯಾರೆ ಡಬ್ಬಿಯಾಗ ತರಿಸೀನಿ, ಮೊದಲ ಅದರೊಳಗ ಏನೇನ್ ಐತಿ ನೋಡಾಕತ್ತೀನಿ.