ಕಸಿ ಹಿಡಿದ ಮೇಲೆ ಕಣ ಇಳಿದಾಗ

ಅಸ್ಥಿಮಜ್ಜೆ ಕಸಿ ಆದವರ ವಾರ್ಡಿನಲ್ಲಿ ನಾನು ಬೆಳಿಗ್ಗೆ ಮೊದಲು ನೋಡುವುದು ನ್ಯೂಟ್ರೋಫಿಲ್ ಲೆಕ್ಕ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಲೆಕ್ಕ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅದು 500 ಮುಟ್ಟಿ, ಸತತ ಮೂರು ದಿನ ನಿಂತರೆ ಕಸಿ ಹಿಡಿಯಿತು ಅಂತ ಲೆಕ್ಕ. ನಾನು ಹೇಳಹೊರಟ ರೋಗಿಗೆ ಕಸಿಯಾದ 16ನೇ ದಿನಕ್ಕೇ ಹಿಡಿದಿತ್ತು. 30ನೇ ದಿನ 2,400. ಒಂದು ವಾರದಲ್ಲಿ 1,100. ಮತ್ತೆ ಮೂರು ದಿನಕ್ಕೆ 700.

ದೇಹ ದಾನಿಯ ಜೀವಕೋಶಗಳನ್ನು ಒಪ್ಪದೆ ಹೊರಹಾಕುತ್ತಿದೆಯಾ? ಎಲ್ಲರಿಗೂ ಮೊದಲು ಬಂದ ಭಯ ಇದೇ. ಕೈಮೆರಿಸಂ ಪರೀಕ್ಷೆ ಮಾಡಿಸಿದೆವು. ರಕ್ತದಲ್ಲಿರುವ ಕೋಶಗಳು ಯಾರವು ಅಂತ ಅದು ತೋರಿಸುತ್ತದೆ. ಹೆಚ್ಚುಕಡಿಮೆ ಎಲ್ಲವೂ ದಾನಿಯವೇ. ಕಸಿ ಉಳಿದಿದೆ, ಆದರೆ ಸೊರಗುತ್ತಿದೆ.

ಅಷ್ಟರಲ್ಲಿ, ರಕ್ತದಲ್ಲಿ ವೈರಸ್ ಇದೆಯಾ ಅಂತ ವಾರವಾರ ನೋಡುವ ಪಿಸಿಆರ್ ಪರೀಕ್ಷೆಯ ವರದಿ ಬಂತು. ಸೈಟೊಮೆಗಾಲೊವೈರಸ್ ಎದ್ದಿತ್ತು. ಎಷ್ಟೋ ಜನರ ಮೈಯಲ್ಲಿ ಚಿಕ್ಕಂದಿನಿಂದ ಸುಮ್ನೆ ಮಲಗಿರುವ ವೈರಸ್ ಇದು. ಕಸಿ ಆದ ಹೊಸದರಲ್ಲಿ ಕಾವಲಿಗೆ ಟಿ ಕೋಶಗಳು ಸಾಲುವುದಿಲ್ಲ, ಆಗ ಏಳುತ್ತದೆ. ಮಜ್ಜೆಯಲ್ಲಿ ಹೊಸ ಕೋಶಗಳನ್ನು ಸಾಕುವ ಆಧಾರ ಕೋಶಗಳಿಗೂ ಸೋಂಕು ತಗುಲುತ್ತದೆ. ಸಸಿ ಚೆನ್ನಾಗಿದ್ದರೂ ಮಣ್ಣು ಕೆಟ್ಟರೆ ಬೆಳೆಯುವುದಿಲ್ಲ ಅಲ್ವಾ, ಹಾಗೆ.

ಸಾಮಾನ್ಯವಾಗಿ ಕೊಡುವ ಔಷಧ ಗ್ಯಾನ್‌ಸಿಕ್ಲೊವಿರ್. ವೈರಸ್ಸನ್ನು ಚೆನ್ನಾಗಿ ಅದುಮುತ್ತದೆ, ಆದರೆ ಮಜ್ಜೆಯನ್ನೂ ಅದುಮುತ್ತದೆ. ಹಿಂದೊಮ್ಮೆ ಇನ್ನೊಬ್ಬ ರೋಗಿಗೆ ಅದನ್ನು ಕೊಟ್ಟಿದ್ದೆ. ವೈರಸ್ ಹೋಯಿತು, ಎರಡು ವಾರದಲ್ಲಿ ಕಣವೂ 500ಕ್ಕಿಂತ ಕೆಳಗೆ ಇಳಿಯಿತು. ಕಸಿಯೇ ಸೋತಿತು ಅಂದುಕೊಂಡು ನಾಲ್ಕು ದಿನ ಕಳೆದೆ. ಔಷಧ ನಿಲ್ಲಿಸಿದ ಮೇಲೆ ಲೆಕ್ಕ ಮೇಲೆದ್ದಿತು. ಆ ನಾಲ್ಕು ದಿನ ಇವತ್ತಿಗೂ ನೆನಪಿದೆ. ಅಂದಿನಿಂದ ಚಾರ್ಟಿನಲ್ಲಿ ಔಷಧ ಶುರುವಾದ ದಿನಕ್ಕೆ ಕೆಂಪು ಗೆರೆ ಎಳೆಯುತ್ತೇನೆ. ಲೆಕ್ಕ ಇಳಿದದ್ದು ಗೆರೆಗೆ ಮೊದಲಾ, ಆಮೇಲಾ ಅಂತ ಒಂದೇ ನೋಟಕ್ಕೆ ಕಾಣುತ್ತದೆ.

ಈ ರೋಗಿಯ ಚಾರ್ಟಿನಲ್ಲಿ ಇನ್ನೂ ಗೆರೆಯೇ ಇರಲಿಲ್ಲ. ಅಂದರೆ ಕಣ ಇಳಿದದ್ದು ಈ ಔಷಧದಿಂದಲ್ಲ; ಈಗ ಗ್ಯಾನ್‌ಸಿಕ್ಲೊವಿರ್ ಕೊಟ್ಟರೆ ಇನ್ನಷ್ಟು ಇಳಿಯಬಹುದಿತ್ತು. ಹಾಗಾಗಿ ಫಾಸ್ಕಾರ್ನೆಟ್ ಅನ್ನೋ ಇನ್ನೊಂದು ಔಷಧ ಹಿಡಿದೆವು. ಅದು ಮಜ್ಜೆಯ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ, ಕಿಡ್ನಿಗೆ ಕಷ್ಟ ಕೊಡುತ್ತದೆ. ಪ್ರತಿ ಡೋಸಿಗೂ ಸಲೈನ್ ಹರಿಸಬೇಕು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಶಿಯಂ, ಕ್ಯಾಲ್ಶಿಯಂ, ಮೆಗ್ನೀಶಿಯಂ ದಿನಾ ನೋಡಿದೆವು. ಒಂದು ಸಂಜೆ ರೋಗಿ ತುಟಿ ಜುಮ್ಮೆನ್ನುತ್ತಿದೆ ಅಂದರು. ಕ್ಯಾಲ್ಶಿಯಂ ಇಳಿದಿತ್ತು, ತಕ್ಷಣ ಕೊಟ್ಟೆವು.

ಎರಡನೇ ವಾರಕ್ಕೆ ವೈರಸ್ ಇಳಿಯಿತು. ಕಣ 900, ಆಮೇಲೆ 1,600.

ಈಗ ಲೆಟರ್ಮೊವಿರ್ ಇದೆ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಔಷಧ, ಮಜ್ಜೆಯನ್ನು ಅದುಮುವುದಿಲ್ಲ. ಈ ವೈರಸ್ ಮೊದಲೇ ಮೈಯಲ್ಲಿರುವವರಿಗೆ ಕಸಿಯಾದ ಮೊದಲ ವಾರಗಳಲ್ಲೇ, ಅದು ಏಳುವ ಮೊದಲೇ, ಶುರು ಮಾಡುತ್ತೇವೆ. ವಾರದ ಪಿಸಿಆರ್ ಮಾತ್ರ ಈಗಲೂ ತಪ್ಪಿಸುವುದಿಲ್ಲ.